ಹದಿಮೂರು ಕುರ್ಚಿಗಳ ಲೆಕ್ಕ

ಹೊಸಪೇಟೆಯ ಜಂಬುನಾಥನ ಗುಡಿಗೂ ದೆಹಲಿಯ ಸುಪ್ರೀಂ ಕೋರ್ಟಿಗೂ ಏನು ಸಂಬಂಧ? ಗಟ್ಟಿ ಸಂಬಂಧವೇ ಇದೆ. ಸುತ್ತಲಿನ ಗಣಿಗಾರಿಕೆಯಿಂದ ಆ ಹಳೆಯ ಗುಡಿಗೆ ಧಕ್ಕೆಯಾಗುತ್ತಿದೆ ಎಂಬ ದೂರು ಅಲ್ಲಿವರೆಗೂ ಹೋಯಿತು, 2013ರಲ್ಲಿ ಗುಡಿಯ ರಕ್ಷಣೆಗೆ ತೀರ್ಪು ಬಂತು. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಅಕ್ರಮವೆಂದು 2020ರ ಫೆಬ್ರವರಿಯಲ್ಲಿ ಕೊನೆಯ ಮಾತು ಹೇಳಿದ್ದೂ ಅದೇ ಕೋರ್ಟು. ಇನ್ನು ಸಂಡೂರು? 2011ರ ಜುಲೈ 29ರ ಒಂದು ಆದೇಶಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತವು, ಅದಿರು ಹೊತ್ತು ಹಗಲು ರಾತ್ರಿ ಓಡುತ್ತಿದ್ದ ಲಾರಿಗಳೂ ನಿಂತವು.

ಈ ಸೀಮೆಯ ಗುಡ್ಡ, ಗುಡಿ, ಹೊಳೆಗಳ ಹಣೆಬರಹ ಬರೆಯುವ ಆ ಕೋರ್ಟಿನಲ್ಲಿ ಎಷ್ಟು ಮಂದಿ ನ್ಯಾಯಮೂರ್ತಿಗಳಿರಬೇಕು? ಅದನ್ನು ಗೊತ್ತುಮಾಡುವವರು ಯಾರು?

ಉತ್ತರ ಸಂವಿಧಾನದ 124ನೇ ವಿಧಿಯಲ್ಲಿದೆ. ಒಬ್ಬ ಮುಖ್ಯ ನ್ಯಾಯಮೂರ್ತಿ, ಜೊತೆಗೆ ಹೆಚ್ಚೆಂದರೆ ಏಳು ಮಂದಿ. ಸಂಸತ್ತು ಕಾನೂನು ಮಾಡಿ ಈ ಸಂಖ್ಯೆಯನ್ನು ಹೆಚ್ಚಿಸುವ ತನಕ ಇದೇ ಲೆಕ್ಕ. ‘ಹೆಚ್ಚಿಸುವ’ ಎಂಬ ಮಾತನ್ನು ಗಮನಿಸಬೇಕು. ಏಳನ್ನು ಹತ್ತು ಮಾಡಲು ಸಾಮಾನ್ಯ ಕಾನೂನು ಸಾಕು, ಏಳನ್ನು ಐದಕ್ಕೆ ಇಳಿಸಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. 1956ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಸೇರಿ ಸಂಖ್ಯೆ 11 ಆಯಿತು, 1960ರಲ್ಲಿ 14, 1977ರಲ್ಲಿ 18, 1986ರಲ್ಲಿ 26, 2009ರಲ್ಲಿ 31, 2019ರಲ್ಲಿ 34. ಹೈಕೋರ್ಟುಗಳ ಲೆಕ್ಕ ಬೇರೆ. ಹೊಸಪೇಟೆಯ ಕಕ್ಷಿದಾರರು ಹೋಗುವ ಧಾರವಾಡ ಪೀಠವೂ ಸೇರಿದಂತೆ, ಹೈಕೋರ್ಟುಗಳ ನ್ಯಾಯಮೂರ್ತಿಗಳ ಸಂಖ್ಯೆಯನ್ನು 216ನೇ ವಿಧಿಯಂತೆ ರಾಷ್ಟ್ರಪತಿಯೇ ನಿಗದಿ ಮಾಡುತ್ತಾರೆ, ಅದಕ್ಕೆ ಸಂಸತ್ತಿನ ಕಾನೂನು ಬೇಕಿಲ್ಲ.

ಅಮೆರಿಕದಲ್ಲಿ ಇದು ದೊಡ್ಡ ಜಗಳ. ಅಲ್ಲಿನ ಸಂವಿಧಾನ ಸಂಖ್ಯೆಯನ್ನೇ ಹೇಳಿಲ್ಲ. 1789ರಲ್ಲಿ ಆರರಿಂದ ಶುರುವಾಗಿ, ಏರಿಳಿದು, 1869ರಿಂದ ಒಂಬತ್ತರಲ್ಲಿ ನಿಂತಿದೆ. ತನ್ನ ಕಾನೂನುಗಳನ್ನು ಕೋರ್ಟು ಹೊಡೆದುಹಾಕುತ್ತಿದೆ ಎಂದು ಬೇಸತ್ತ ಅಧ್ಯಕ್ಷ ರೂಸ್‌ವೆಲ್ಟ್, 1937ರಲ್ಲಿ ಒಂಬತ್ತನ್ನು ಹದಿನೈದರವರೆಗೂ ಏರಿಸಲು ಹೊರಟರು. ಸೆನೆಟ್ ಒಪ್ಪಲಿಲ್ಲ. ಮತ್ತೊಬ್ಬರು ಹೀಗೆ ಸಂಖ್ಯೆ ಏರಿಸಿ ಕೋರ್ಟನ್ನು ಒಲಿಸಿಕೊಂಡಾರೆಂಬ ಭಯ ಇನ್ನೂ ಹೋಗಿಲ್ಲ; ಒಂಬತ್ತನ್ನು ಸಂವಿಧಾನದಲ್ಲೇ ಕೆತ್ತಿಬಿಡೋಣ ಎಂಬ ತಿದ್ದುಪಡಿಯ ಬೇಡಿಕೆ ಅಲ್ಲಿ ಹುಟ್ಟಿದ್ದೂ ಅದರಿಂದಲೇ. ನೇಪಾಳ ತನ್ನ 2015ರ ಸಂವಿಧಾನದಲ್ಲೇ ಮುಖ್ಯ ನ್ಯಾಯಮೂರ್ತಿಯ ಜೊತೆ ಹೆಚ್ಚೆಂದರೆ 20 ಮಂದಿ ಎಂದು ಬರೆದುಕೊಂಡಿದೆ. ಹಾಗೆ ಬರೆದರೂ ಭದ್ರತೆ ಇಲ್ಲ. ಸಂವಿಧಾನದಲ್ಲೇ 11 ಎಂದಿದ್ದ ಮೆಕ್ಸಿಕೊ 2024ರಲ್ಲಿ ಅದನ್ನೇ ತಿದ್ದಿ ಒಂಬತ್ತಕ್ಕೆ ಇಳಿಸಿತು.

ಭಾರತವೂ ಹಾಗೆ ಒಂದು ಸಂಖ್ಯೆಯನ್ನು ಕೆತ್ತಿಟ್ಟಿದ್ದರೆ ಏನಾಗುತ್ತಿತ್ತು? ಅದಕ್ಕೆ ಕಾಸರಗೋಡಿನ ಎಡನೀರು ಮಠಕ್ಕೆ ಹೋಗಬೇಕು.

1967ರ ಗೋಲಕನಾಥ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳು ಕೂತು, 6–5ರ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ ಎಂದಿದ್ದರು. ಅದನ್ನು ಮರುಪರಿಶೀಲಿಸಬೇಕಾದರೆ ಅದಕ್ಕಿಂತ ದೊಡ್ಡ ಪೀಠವೇ ಬೇಕು. ಎಡನೀರಿನ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಕೋರ್ಟಿನ ಮೆಟ್ಟಿಲೇರಿದಾಗ ಆ ಪ್ರಶ್ನೆ ಮತ್ತೆ ಎದ್ದಿತು. 14 ಸ್ಥಾನಗಳ ಕೋರ್ಟಿನಲ್ಲಿ 13 ಮಂದಿ ಒಟ್ಟಿಗೆ ಕೂತರು, 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡವುವಂತಿಲ್ಲ. 1956ರ ಹನ್ನೊಂದೇ ಶಾಶ್ವತವಾಗಿದ್ದರೆ ಹದಿಮೂರು ಜನರ ಪೀಠ ಕೂರುವುದೇ ಸಾಧ್ಯವಿರಲಿಲ್ಲ. ದೇಶ ಇವತ್ತಿಗೂ ನೆಚ್ಚಿಕೊಂಡಿರುವ ತೀರ್ಪು ಹುಟ್ಟಲು 1960ರ ಪುಟ್ಟ ಕಾನೂನೊಂದು ಜಾಗ ಮಾಡಿಕೊಟ್ಟಿತ್ತು.

ಆದರೆ ತೀರ್ಪಿನ ಮರುದಿನವೇ ನಡೆದದ್ದನ್ನು ಮರೆಯುವಂತಿಲ್ಲ. ಸರ್ಕಾರ ಅದೇ ಪೀಠದಲ್ಲಿ ತನ್ನ ವಿರುದ್ಧ ನಿಂತಿದ್ದ ಹಿರಿಯರಾದ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ಹಿಂದೆ ಹಾಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಅಲ್ಲಿ ಕುರ್ಚಿಗಳ ಸಂಖ್ಯೆ ಒಂದೂ ಬದಲಾಗಿರಲಿಲ್ಲ! ರೂಸ್‌ವೆಲ್ಟ್ ಸಂಖ್ಯೆ ಹೆಚ್ಚಿಸಿ ಮಾಡಹೊರಟದ್ದನ್ನು ದೆಹಲಿ ಸಂಖ್ಯೆ ಮುಟ್ಟದೆಯೇ ಮಾಡಿತ್ತು. ಹಾಗಾಗಿ ಕುರ್ಚಿ ಎಷ್ಟು ಎನ್ನುವಷ್ಟೇ, ಅದರಲ್ಲಿ ಕೂರಿಸುವವರು ಯಾರು ಎಂಬುದನ್ನೂ ಕೇಳಲೇಬೇಕು. 1993ರ ತೀರ್ಪಿನಿಂದ ಬಂದ ಕೊಲಿಜಿಯಂ ಪದ್ಧತಿಯಲ್ಲಿ ಹಿರಿಯ ನ್ಯಾಯಮೂರ್ತಿಗಳೇ ಹೆಸರು ಸೂಚಿಸುತ್ತಾರೆ. ಅದರ ಬಗ್ಗೆ ದೂರುಗಳಿವೆ, ನಿಜ. ಆದರೂ ಸಂಸತ್ತು ಹತ್ತು ಸ್ಥಾನ ಹೆಚ್ಚಿಸಿದರೆ ಆ ಹತ್ತೂ ಸರ್ಕಾರದ ಪಾಲಾಗುವ ಭಯ ಇಲ್ಲಿ ಕಡಿಮೆ.

ಆ ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಮೇಲೆ ಕರ್ನಾಟಕದ ಲೋಕಾಯುಕ್ತರಾಗಿ, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟವರು ಅವರೇ. ಸಂಡೂರಿನ ಗುಡ್ಡಗಳ ಕಥೆ ಹೀಗೆ ಎಡನೀರಿನ ಪೀಠದವರೆಗೂ ಬಳ್ಳಿಯಂತೆ ಹಬ್ಬಿದೆ.

ಕಂಪ್ಲಿಯ ಗದ್ದೆಗಳಿಗೆ ಬಂದರೆ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ಭತ್ತಕ್ಕೆ ತುಂಗಭದ್ರೆಯೇ ಆಸರೆ, ತುಂಗಭದ್ರೆ ಕೃಷ್ಣೆಯ ಉಪನದಿ. ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. 2022ರ ಜನವರಿಯಲ್ಲಿ ವಿಚಾರಣೆಗೆ ಬಂದಾಗ ಪೀಠದಲ್ಲಿದ್ದವರು ಮಹಾರಾಷ್ಟ್ರದ ಚಂದ್ರಚೂಡ್ ಮತ್ತು ಕೊಡಗಿನ ಬೋಪಣ್ಣ. ತಮ್ಮ ತಮ್ಮ ರಾಜ್ಯಗಳೇ ಕಕ್ಷಿದಾರರಾಗಿದ್ದ ಮೊಕದ್ದಮೆಯಿಂದ ಇಬ್ಬರೂ ಹಿಂದೆ ಸರಿದರು. ನಾಲ್ಕು ರಾಜ್ಯಗಳ ನದಿಜಗಳಕ್ಕೆ ಆ ನಾಲ್ಕೂ ರಾಜ್ಯಗಳ ಹೊರಗಿನವರು ಬೇಕೆಂದರೆ, ಒಂಬತ್ತೇ ಜನರ ಕೋರ್ಟಿನಲ್ಲಿ ಆಯ್ಕೆಗೆ ಎಷ್ಟು ಮಂದಿ ಉಳಿಯುತ್ತಿದ್ದರು?