ಫೋನು ಮತ್ತು ನಮ್ಮ ವಿಶ್ರಾಂತಿಯ ಹೊತ್ತು

(ಕಲ್ಯಾಣದುರ್ಗದ ಕಾರ್ಮಿಕ ಕೂಟದಲ್ಲಿ ಆಡಿದ ಮಾತು)



ಫೋನು ಕೆಟ್ಟದ್ದು, ಬಾವಿಗೆ ಎಸೆಯಿರಿ ಎಂದು ಹೇಳುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ಹಾಗೆ ಹೇಳುವವರಿಗೆ ಕೂಲಿಯವರ ಪಾಡು ಗೊತ್ತಿಲ್ಲ.

ಉದ್ಯೋಗ ಖಾತರಿ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ಆಗ ಹಾಜರಿ ಎಂದರೆ ಕಾಗದದ ಮಸ್ಟರು; ಹೆಸರು ಕೂಗುವುದು, ಹೆಬ್ಬೆಟ್ಟು ಒತ್ತುವುದು. 2023ರ ಜನವರಿ 1ರಿಂದ ಆ ಕೆಲಸದ ಹಾಜರಿ ಫೋನಿನಲ್ಲೇ ಆಗಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ ತೆಗೆದು ಕಳಿಸಬೇಕಾಯಿತು. ಗುಡ್ಡದ ಬದಿಯಲ್ಲಿ ಸಿಗ್ನಲ್ ಸಿಗದೆ ಫೋಟೋ ಹೋಗಲಿಲ್ಲವೆಂದರೆ, ಸುರಿಸಿದ ಬೆವರಿಗೆ ಸಾಕ್ಷಿಯೇ ಇಲ್ಲ! ಕೂಲಿ ಜಮಾ ಆದದ್ದು ತಿಳಿಯುವುದು ಬ್ಯಾಂಕಿನ ಮೆಸೇಜಿನಿಂದ. ಎಸ್ಟೇಟಿನಲ್ಲಿರುವ ನಿಮ್ಮ ಪಿ.ಎಫ್. ಲೆಕ್ಕ ನೋಡುವುದೂ ಫೋನಿನಲ್ಲೇ. ಆದ್ದರಿಂದ ಗುದ್ದಲಿಯಂತೆ ಇದೂ ನಮ್ಮದೊಂದು ಹತಾರು.

ಆದರೆ ಗುದ್ದಲಿಯನ್ನು ಯಾರೂ ಮಗ್ಗುಲಲ್ಲಿ ಇಟ್ಟುಕೊಂಡು ಮಲಗುವುದಿಲ್ಲ.

1886ರ ಮೇ ತಿಂಗಳಲ್ಲಿ ಚಿಕಾಗೋದ ಕಾರ್ಮಿಕರು ಮುಷ್ಕರ ಹೂಡಿದ್ದು ಎಂಟು ಗಂಟೆಯ ದುಡಿಮೆಗಾಗಿ. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಮಿಕ್ಕ ಎಂಟು ಗಂಟೆ ನಮ್ಮದು. ನಮ್ಮ ದೇಶದಲ್ಲಿ 1923ರಲ್ಲಿ ಸಿಂಗಾರವೇಲರು ಮದ್ರಾಸಿನಲ್ಲಿ ಮೊದಲ ಮೇ ದಿನ ಆಚರಿಸಿದರು. ಧಣಿಗಳ ಕೈಯಿಂದ ಕಿತ್ತು ತಂದ ಆ ಹೊತ್ತನ್ನು ಈಗ ನಾವೇ ಕೈಯಾರೆ ಒಪ್ಪಿಸುತ್ತಿದ್ದೇವೆ. ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಓಡುತ್ತದೆ. ಇದು ಆಕಸ್ಮಿಕವಲ್ಲ. ನಾವು ನೋಡಿದಷ್ಟೂ ಹೊತ್ತು ಕಂಪೆನಿಗೆ ಜಾಹೀರಾತಿನ ಹಣ. ಅದರ ಮೇಲೆ ರೀಚಾರ್ಜು: ಒಂದು ಫೋನಿಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಮನೆಯಲ್ಲಿ ಮೂರು ಫೋನಿದ್ದರೆ ಲೆಕ್ಕ ನೀವೇ ಹಾಕಿ. (ಹಣ ಕಟ್ಟಿ ಆಡುವ ಆಟಗಳ ಮಾತು ಬೇರೆ. ಅವನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ನಿಷೇಧಿಸಿತು.)

ಊರಿಗೆ ಬುದ್ಧಿ ಹೇಳುವ ನಮ್ಮ ಮನೆಯ ಕಥೆಯನ್ನೂ ಕೇಳಿ. ಹೋದ ಸುಗ್ಗಿಯಲ್ಲಿ ನಮ್ಮ ಹುಡುಗ ರಾತ್ರಿ ಒಂದು ಗಂಟೆಯವರೆಗೆ ಫೋನು ನೋಡಿ, ಬೆಳಿಗ್ಗೆ ತೂಕಡಿಸುತ್ತಲೇ ಮೇವು ಕೊಯ್ಯಲು ಹೋದ. ಕುಡುಗೋಲು ಎಡಗೈ ಬೆರಳಿಗೆ ಬಿತ್ತು. ನಾಲ್ಕು ಹೊಲಿಗೆ, ಹತ್ತು ದಿನದ ಕೂಲಿ ನಷ್ಟ. ನಾವು ಚೆನ್ನಾಗಿ ಬೈದೆವು. ಅವನು ತಲೆ ತಗ್ಗಿಸಿಕೊಂಡೇ ಕೇಳಿದ: "ಅಪ್ಪಾ, ಆ ರಾತ್ರಿ ನೀವೂ ಹನ್ನೆರಡರ ತನಕ ಎದ್ದೇ ಇದ್ರಲ್ಲಾ?" ನಿಜ. ಸಂಘದ ವಾಟ್ಸಾಪ್ ಗುಂಪಿಗೆ ಉತ್ತರ ಬರೆಯುತ್ತ ಕುಳಿತಿದ್ದೆವು. ಅವನದು ಚಟ, ನಮ್ಮದು ಸೇವೆ ಎಂದುಕೊಂಡಿದ್ದೆವು. ಅವನ ತಾಯಿ ಮಾತ್ರ ಎರಡಕ್ಕೂ ಒಂದೇ ಹೆಸರು ಇಟ್ಟಳು. ಆ ಹೆಸರನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ಆ ವಾರವೇ ಸಂಘದಲ್ಲಿ ವಿಷಯ ಎತ್ತಿದೆವು. ರಾತ್ರಿ ಎಂಟರ ಮೇಲೆ ಗುಂಪಿಗೆ ಏನೂ ಹಾಕಕೂಡದು, ಅವಸರವಿದ್ದರೆ ಕರೆ ಮಾಡಬೇಕು ಎಂದಾಯಿತು. ಇಬ್ಬರು ಒಪ್ಪಲಿಲ್ಲ, ಈಗಲೂ ಹಾಕುತ್ತಾರೆ. ಮನೆಯಲ್ಲಿ, ಹಿಂದೆ ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದ ಗೋಡೆಯ ಗೂಡು ಬರಿದಾಗಿತ್ತು. ಊಟಕ್ಕೆ ಕೂರುವ ಮೊದಲು ಎಲ್ಲರ ಫೋನೂ ಅಲ್ಲಿಗೆ ಹೋಗಬೇಕು, ನಮ್ಮದೇ ಮೊದಲು. ಮೊದಲ ನಾಲ್ಕು ದಿನ ಯಾರಿಗೂ ಮಾತೇ ಹೊರಡಲಿಲ್ಲ. ಐದನೆಯ ದಿನ ಹುಡುಗ ತಾನಾಗಿಯೇ, ಮೇಸ್ತ್ರಿ ಅರ್ಧ ದಿನದ ಕೂಲಿ ಹಿಡಿದಿದ್ದನ್ನು ಹೇಳಿದ. ಎರಡು ತಿಂಗಳ ಹಿಂದಿನ ಸಂಗತಿ ಅದು. ಸಂಘದ ಕೆಲಸ ಮಾಡುವ ನಮಗೇ ಗೊತ್ತಿರಲಿಲ್ಲ.

ಗಂಟೆಯ ಸದ್ದು ಮಾತ್ರ ನಿಲ್ಲಿಸುವುದಿಲ್ಲ. ಬೆಂಗಳೂರಿನ ಗಾರ್ಮೆಂಟಿನಲ್ಲಿರುವ ಮಗಳು ಒಂಬತ್ತಕ್ಕೆ ಕರೆ ಮಾಡುತ್ತಾಳೆ. ಆಗ ತಾಯಿ ಎದ್ದು ಗೂಡಿನ ಹತ್ತಿರ ನಿಂತೇ ಮಾತಾಡುತ್ತಾಳೆ.