ಮಾತು ನಿಂತವರ ಬಳಿಯಲ್ಲಿ

ದಾದಿಯರ ಶಿಕ್ಷಣಕ್ಕೆ ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ,

ಮೆದುಳಿನಿಂದ ಇಳಿಯುವ ಚಾಲಕ ನರತಂತುಗಳಲ್ಲಿ ಹೆಚ್ಚಿನವು ಬೆನ್ನುಹುರಿಯನ್ನು ಸೇರುವ ಮುನ್ನ ಒಂದು ಪಕ್ಕದಿಂದ ಇನ್ನೊಂದಕ್ಕೆ ದಾಟುತ್ತವೆ. ಆದುದರಿಂದಲೇ ಎಡಮೆದುಳಿಗೆ ರಕ್ತಸಂಚಾರ ನಿಂತರೆ ಬಲಗೈ ಬಲಗಾಲುಗಳು ಸೋಲುವುವು. ಬಹುಮಂದಿಯಲ್ಲಿ ಮಾತಿನ ನೆಲೆಯೂ ಅಲ್ಲಿಯೇ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರು, ಕೇಳಿದುದಕ್ಕೆಲ್ಲ ‘ಟಾನ್’ ಎಂದಷ್ಟೇ ಉತ್ತರಿಸುತ್ತಿದ್ದ ರೋಗಿಯೊಬ್ಬನ ಎಡಮೆದುಳಿನ ಮುಂಭಾಗ ಕೆಟ್ಟಿದ್ದುದನ್ನು ಮರಣಾನಂತರ ಕಂಡರು. ಆತನಿಗೆ ಪರರ ಮಾತು ಬಹುಮಟ್ಟಿಗೆ ತಿಳಿಯುತ್ತಿತ್ತು.

ಆದುದರಿಂದ, ಪಾರ್ಶ್ವವಾಯುವಿನಿಂದ ಮಾತು ನಿಂತವರಿಗೆ ಅರಿವೂ ಇಲ್ಲವೆಂದು ಬಗೆದು ಅವರೆದುರು ಅವರ ಅಳಿವು ಉಳಿವುಗಳನ್ನು ಚರ್ಚಿಸಬೇಡಿರಿ. ನಮ್ಮ ಕಾಸರಗೋಡಿನ ಕಡೆಯ ಆಸ್ಪತ್ರೆಯಲ್ಲಿ ಅಂತಹ ಕನ್ನಡದ ಮುದುಕಿಯೊಬ್ಬಳನ್ನು ಕಂಡರೆ, ಸೋಲದ ಎಡಗೈಯನ್ನು ಹಿಡಿದು, “ನೋವಿದೆಯೇ ಅಮ್ಮಾ?” ಎಂದು ಕನ್ನಡದಲ್ಲಿ ಕೇಳಿರಿ. ಕೈಯೊತ್ತಿ ಉತ್ತರ ಕೊಟ್ಟಾಳು. ನಾವು ಕಲಿಸಿದ ನುಡಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆಯನ್ನು ನಾವು ಬಯಸೆವು.