ಕಿವುಡರ ಮನಸ್ಸಿನ ಮಾತು

ಈ ಭಾಷಣ ಯಾರನ್ನು ಕುರಿತದ್ದೋ ಅವರಿಗೆ ಇದು ಕೇಳಿಸದು. ಆದ್ದರಿಂದ ಅವರೊಡನೆ ಬಾಳುವ ನಿಮಗೇ ಹೇಳುತ್ತಿದ್ದೇನೆ.

ನಿಮ್ಮ ನೆರೆಮನೆಯಲ್ಲಿ ಹುಟ್ಟುಕಿವುಡಿಯಾದ ಸೊಸೆಯೊಬ್ಬಳು ಇದ್ದಾಳೆನ್ನಿ. ಕೆಲವು ತಿಂಗಳಿಂದ ಊಟ ಸೇರದು, ನಿದ್ರೆ ಬಾರದು. ಮೂಲೆಯಲ್ಲಿ ಕುಳಿತು ಅಳುತ್ತಾಳೆ. ಅತ್ತೆ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ವೈದ್ಯರ ಪ್ರಶ್ನೆ ಅತ್ತೆಗೆ, ಉತ್ತರವೂ ಅತ್ತೆಯದೇ. ಅವಳ ದುಃಖಕ್ಕೆ ಆ ಮನೆಯೇ ಕಾರಣವಾಗಿದ್ದರೆ, ಅದನ್ನು ಹೇಳುವವರು ಯಾರು?

ಕಿವುಡುತನ ಮನೋರೋಗವಲ್ಲ. ಆದರೆ ಕಿವುಡರಿಗೂ ಎಲ್ಲರಂತೆ ಮನಸ್ಸಿನ ಬೇನೆ ಬರುವುದುಂಟು. ಮೈಯ ಬೇನೆಯನ್ನು ನಾಡಿ ಹಿಡಿದು, ರಕ್ತ ಪರೀಕ್ಷಿಸಿ ಅಷ್ಟಿಷ್ಟು ಅರಿಯಬಹುದು. ಮನಸ್ಸಿನ ಬೇನೆಯನ್ನು ಅರಿಯುವುದು ಬಹುಮಟ್ಟಿಗೆ ಮಾತಿನಿಂದಲೇ. ಆ ಮಾತು ಕೈಯಲ್ಲಿದ್ದರೆ ಅದನ್ನು ಓದಬಲ್ಲ ಕಣ್ಣು ಬೇಕು. ಸಂಜ್ಞೆ ಭಾಷೆಯಲ್ಲಿ ಹುಬ್ಬೇರಿಸುವುದೂ ವ್ಯಾಕರಣವೇ. ಅರಿಯದವರಿಗೆ ಅದು ಉದ್ರೇಕವಾಗಿ ಕಾಣುತ್ತದೆ. ಆ ಭಾಷೆಯ ಪದಕ್ರಮ ಕನ್ನಡದ್ದಲ್ಲ; ಆದುದರಿಂದ ಬರೆದುಕೊಟ್ಟ ವಾಕ್ಯ ತೊಡಕಾಗಿದ್ದರೆ, ಬುದ್ಧಿಯೇ ತೊಡಕಾಗಿದೆಯೆಂದು ಭಾವಿಸಿದ್ದೂ ಉಂಟು. ಅರ್ಥವಾಗದ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸಿದರೆ ಅದು ‘ಹೌದು’ ಎಂದು ದಾಖಲಾಗಬಹುದು.

ಇಂಥ ತಪ್ಪುಗಳಿಂದ ಪಶ್ಚಿಮ ದೇಶಗಳಲ್ಲಿ ಕಿವುಡರು ಮಾನಸಿಕ ಆಸ್ಪತ್ರೆಗಳಲ್ಲಿ, ಮಾತಿಗೊಬ್ಬರಿಲ್ಲದೆ, ವರ್ಷಗಟ್ಟಲೆ ಕಳೆದದ್ದುಂಟು. 1955ರಲ್ಲಿ ನ್ಯೂಯಾರ್ಕಿನ ರಾಜ್ಯ ಮನೋವೈದ್ಯ ಸಂಸ್ಥೆಯಲ್ಲಿ ಫ್ರಾನ್ಜ್ ಕಾಲ್‌ಮನ್, ಜಾನ್ ರೇನರ್ ಮೊದಲಾದವರು ಕಿವುಡರಿಗಾಗಿಯೇ ಕೆಲಸ ಆರಂಭಿಸಿದರು. 1963ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯ ಲೂಥರ್ ರಾಬಿನ್ಸನ್ ಅದೇ ದಾರಿ ಹಿಡಿದರು. ರೋಗಿಗಳಿಗಾಗಿ ತಾವೇ ಸಂಜ್ಞೆ ಭಾಷೆ ಕಲಿತರು. 1968ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಬಳಿಯ ವಿಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ಜಾನ್ ಡೆನ್ಮಾರ್ಕ್ ಅವರ ನೇತೃತ್ವದಲ್ಲಿ ಪ್ರತ್ಯೇಕ ವಿಭಾಗವೇ ತೆರೆಯಿತು. ಮದ್ದಿಗಿಂತ ಮೊದಲು ಇವರು ಒದಗಿಸಿದ್ದು ಮಾತನ್ನು.

ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ದುಭಾಷಿಗಳು ತಯಾರಾಗುತ್ತಾರೆ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆ ಸಂವಹನದ ಬಗೆಗಳಲ್ಲಿ ಸಂಜ್ಞೆಯನ್ನೂ ಎಣಿಸಿದೆ. ದಾರಿ ತೆರೆದಿದೆ, ನಡೆಯಬೇಕಾದವರು ನಾವು.

ಆದ್ದರಿಂದ, ಕಿವುಡರನ್ನು ಮನೋವೈದ್ಯರ ಬಳಿ ಕರೆದೊಯ್ಯುವಾಗ ಮನೆಯವರಲ್ಲದ ದುಭಾಷಿಯೊಬ್ಬರನ್ನು ಕೇಳಿರಿ. ವೈದ್ಯರು ನಿಮ್ಮನ್ನಲ್ಲ, ರೋಗಿಯ ಮುಖವನ್ನೇ ನೋಡಿ ಮಾತನಾಡಲಿ. ನೀವು ತಿಳಿದದ್ದನ್ನು ಹೇಳಿ, ಆಮೇಲೆ ಕೋಣೆಯಿಂದ ಹೊರಗೆ ಬನ್ನಿರಿ. ಅದು ಅವರ ಮೇಲಿನ ಅಕ್ಕರೆಗೆ ಕುಂದಲ್ಲ.

ಇನ್ನೊಂದು ಮಾತು. ರಾತ್ರಿ ಊಟಕ್ಕೆ ಕುಳಿತಾಗ ಎಲ್ಲರೂ ನಗುತ್ತಾರೆ. ಕಿವುಡ ಮಗು ‘ಏನು?’ ಎಂದು ಕೈಯಾಡಿಸುತ್ತದೆ. ‘ಆಮೇಲೆ ಹೇಳುತ್ತೇನೆ’ ಎನ್ನುತ್ತೇವೆ. ಆ ‘ಆಮೇಲೆ’ ಬರುವುದೇ ಇಲ್ಲ. ಮನೆ ತುಂಬ ಜನರಿದ್ದೂ ಒಂಟಿಯಾಗುವುದು ಹೀಗೆ. ಇಂದು ರಾತ್ರಿ ಆ ನಗುವಿನ ಕಾರಣವನ್ನು ಆ ಮಗುವಿಗೂ ಆಗಲೇ ತಿಳಿಸಿರಿ.